ಸೆಗಣಿ ಗ್ಯಾಸಿನ ಕಾರಿನಲ್ಲಿ ತವರಿಗೆ

ಈಗ ಬ್ಯಾಟರಿ ಕಾರು ಕೊಂಡವರನ್ನು ಕಂಡರೆ ಜನ ಮೊದಲು ಕೇಳುವ ಮಾತು ಒಂದೇ: ‘ಒಮ್ಮೆ ತುಂಬಿದ್ರ ಎಷ್ಟ ದೂರ ಹೋಗ್ತೈತ್ರಿ?’ ನನಗೆ ಒಳಗೊಳಗೇ ನಗು ಬರುತ್ತದೆ. ಈ ಪ್ರಶ್ನೆಯನ್ನು ನಾನು ಎಂಬತ್ತರ ದಶಕದಲ್ಲೇ, ಅಂಕಲಿಯ ಹೊರಗಿನ ನಮ್ಮ ತೋಟದ ಮನೆಯ ಅಡುಗೆಮನೆಯಲ್ಲಿ ನಿಂತು, ಕೈಗೆಲ್ಲ ಹಿಟ್ಟು ಮೆತ್ತಿಕೊಂಡು, ನನ್ನ ಗಂಡನಿಗೆ ಕೇಳಿದ್ದೆ. ಉತ್ತರ ಸಿಗಲು ಒಂದು ಪಂಚಮಿ ಹಬ್ಬ ಬೇಕಾಯಿತು.

ನಾನು ಕಾಗವಾಡದವಳು. ಮದುವೆಯ ಮಾತು ನಡೆದಾಗ ಗಂಡಿನ ಮನೆ ನೋಡಲು ಹೋದ ಅಪ್ಪ ತಿರುಗಿ ಬಂದು ಕಬ್ಬಿನ ಹೊಲದ ಮಾತಾಡಿದ, ಬಾವಿಯ ಮಾತಾಡಿದ, ಹುಡುಗನ ಓದಿನ ಮಾತಾಡಿದ. ನನ್ನ ಕಿವಿಗೆ ಅದಾವುದೂ ಬೀಳಲಿಲ್ಲ. ಕಡೆಗೆ, ‘ಅವರ ಮನ್ಯಾಗ ಗೋಬರ್ ಗ್ಯಾಸ್ ಐತಿ. ಕಟಗಿ ಬ್ಯಾಡ, ಹೊಗಿ ಇಲ್ಲ,’ ಅಂದ. ಅಷ್ಟಕ್ಕೇ ನಾನು ಹೂಂ ಅಂದೆ. ತವರಿನಲ್ಲಿ ಹಸಿ ಜಾಲಿಕಟ್ಟಿಗೆ ಊದಿ ಊದಿ ನನ್ನ ಕಣ್ಣು ಸದಾ ಕೆಂಪಗಿರುತ್ತಿದ್ದವು. ಗೆಳತಿಯರು ‘ಹುಡುಗನ್ನ ನೋಡಿ ಒಪ್ಪಿದಿ ಏನಬೇ?’ ಎಂದು ಕಾಡಿದರೆ ‘ಒಲಿ ನೋಡಿ ಒಪ್ಪೀನಿ’ ಎನ್ನುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಗ್ಯಾಸಿನ ವ್ಯವಸ್ಥೆ ಬಲು ಸರಳ. ದನದ ಕೊಟ್ಟಿಗೆಯ ಪಕ್ಕದಲ್ಲಿ ಬಾವಿಯಂಥ ಒಂದು ಗುಂಡಿ, ಅದರ ಬಾಯಿಗೆ ಮಗುಚಿ ಇಟ್ಟ ದೊಡ್ಡ ಕಬ್ಬಿಣದ ಡ್ರಮ್ಮು. ದಿನಾ ಬೆಳಿಗ್ಗೆ ಎಮ್ಮೆಗಳ ಸೆಗಣಿಯನ್ನು ನೀರಲ್ಲಿ ಕಲಸಿ ಗುಂಡಿಗೆ ಬಿಡಬೇಕು. ಗ್ಯಾಸು ಹುಟ್ಟಿದಂತೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿದಂತೆ ಕೆಳಗಿಳಿಯುತ್ತದೆ. ಅಡುಗೆ ಮುಗಿಸಿ ಹೊರಗೆ ಬಂದು ಡ್ರಮ್ಮು ಎಷ್ಟು ಎತ್ತರ ಇದೆ ಎಂದು ನೋಡುವುದು ನನಗೆ ಚಟವೇ ಆಗಿತ್ತು. ನೀಲಿ ಉರಿ, ಬೆಳ್ಳಗಿನ ಗೋಡೆ, ಕಣ್ಣೀರಿಲ್ಲದ ಅಡುಗೆ. ನಾನು ಸುಖವಾಗಿದ್ದೆ, ನಿಜವಾಗಿಯೂ ಸುಖವಾಗಿದ್ದೆ.

ನನ್ನ ಗಂಡನಿಗೆ ಯಂತ್ರ ಕಂಡರೆ ಕೈ ತುರಿಸುತ್ತದೆ. ನೀರೆತ್ತುವ ಎಂಜಿನ್ನು ನೆಟ್ಟಗೆ ಓಡುತ್ತಿದ್ದರೂ ಬಿಚ್ಚಿ ಜೋಡಿಸುವ ಮನುಷ್ಯ. ಅವರು ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರಿಂದ ಒಂದು ಹಳೇ ಕಾರು ಕೊಂಡು ತಂದರು. ಬಣ್ಣ ಹೋಗಿತ್ತು, ಸೀಟು ಹರಿದಿತ್ತು, ಪೆಟ್ರೋಲನ್ನಂತೂ ಬಿಸಿಲಿನಿಂದ ಬಂದ ಎಮ್ಮೆ ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಎರಡು ತಿಂಗಳು ಕಾರು ಕೊಟ್ಟಿಗೆಯ ಮುಂದೆ ನಿಂತು ಕೋಳಿಗಳಿಗೆ ಮನೆಯಾಯಿತು. ಒಂದು ದಿನ ಅವರು ಡ್ರಮ್ಮಿನ ಕಡೆ ನೋಡಿದರು, ಕಾರಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿ ನಕ್ಕರು.

ರಬ್ಬರು ಹಚ್ಚಿದ ತಾಡಪತ್ರಿ ಬಟ್ಟೆ ತಂದು, ಸೈಕಲ್ ಅಂಗಡಿಯವನನ್ನು ಕೂರಿಸಿಕೊಂಡು, ಹೊಲಿಗೆಗೆಲ್ಲ ಪಂಕ್ಚರಿನ ಅಂಟು ಹಚ್ಚಿಸಿ ಒಂದು ದೊಡ್ಡ ಚೀಲ ಮಾಡಿದರು. ಚೀಲ ಕಾರಿನ ನೆತ್ತಿಯ ಮೇಲೆ. ಅದರಿಂದ ಒಂದು ನಳಿಗೆ ಎಂಜಿನ್ನಿಗೆ. ಡ್ರಮ್ಮಿನ ಮೇಲೆ ಕಲ್ಲು ಹೇರಿದರೆ ಗ್ಯಾಸು ಒತ್ತಿಕೊಂಡು ಚೀಲಕ್ಕೆ ಬರುತ್ತಿತ್ತು. ಒಂದು ಬಟ್ಟಲು ಪೆಟ್ರೋಲಿನಲ್ಲಿ ಎಂಜಿನ್ನು ಚಾಲೂ ಮಾಡಿ, ಆಮೇಲೆ ಗ್ಯಾಸಿನ ಚಾವಿ ತಿರುಗಿಸಿದರು. ಅಯ್ಯ ಶಿವನೆ, ಓಡಿಯೇಬಿಟ್ಟಿತು! ಎಮ್ಮೆ ನುಂಗಿದ ಮೊಸಳೆಯ ಹಾಗೆ ನೆತ್ತಿ ಉಬ್ಬಿಸಿಕೊಂಡ ಕಾರು ಊರಲ್ಲಿ ಸುತ್ತು ಹೊಡೆಯಿತು. ಹೊಗೆ ಇಲ್ಲ, ಸದ್ದೂ ಕಡಿಮೆ. ಕೊಳೆತ ತತ್ತಿಯ ವಾಸನೆ ಮಾತ್ರ ಹಿಂದೆ ಹಿಂದೆ ಬರುತ್ತಿತ್ತು. ಸಿಟ್ಟು ಬಂದಿದ್ದರೂ ಸುಳ್ಳು ಹೇಳಬಾರದು, ನನಗೆ ಹೆಮ್ಮೆ ಅನಿಸಿತು.

ಆ ಹೆಮ್ಮೆ ರಾತ್ರಿಯ ಊಟದ ತನಕ ಉಳಿಯಲಿಲ್ಲ. ಐದನೇ ರೊಟ್ಟಿ ಹಂಚಿನ ಮೇಲಿರುವಾಗ ಉರಿ ಕುಗ್ಗಿತು, ಒಮ್ಮೆ ಪುಸಕ್ಕೆಂದು ಆರಿತು. ಕಿಟಕಿಯಿಂದ ಇಣುಕಿದರೆ ಡ್ರಮ್ಮು ತಳ ಕಂಡಿತ್ತು. ಆಗಲೇ ನಾನು ಕೇಳಿದ್ದು, ‘ಏನ್ರಿ, ಒಮ್ಮೆ ತುಂಬಿದ್ರ ಎಷ್ಟ ದೂರ ಹೋಗ್ತೈತಿ ಇದು?’

‘ಚೀಲ ಪೂರಾ ತುಂಬಿದ್ರ ನಿಮ್ಮ ಕಾಗವಾಡ ಮುಟ್ಟತೈತಿ,’ ಅಂದರು.

‘ನಮ್ಮ ರೊಟ್ಟಿ?’

ಅತ್ತೆ ನಡುಮನೆಯಿಂದಲೇ ಕೂಗಿದರು, ‘ಮನ್ಯಾಗ ಮಂದಿ ಉಣ್ಣಬೇಕೋ, ಮೋಟಾರ ಉಣ್ಣಬೇಕೋ, ಒಂದ ಹೇಳಿಬಿಡಪಾ!’ ನನಗೂ ಅತ್ತೆಗೂ ಬಹಳ ವಿಷಯಗಳಲ್ಲಿ ಕೂಡಿಬರುತ್ತಿರಲಿಲ್ಲ. ಕಾರಿನ ವಿಷಯದಲ್ಲಿ ನಾವಿಬ್ಬರೂ ಒಂದೇ ಪಕ್ಷ. ಕಡೆಗೆ ಒಂದು ಕರಾರಾಯಿತು. ಒಲೆಯದು ಮುಗಿದ ಮೇಲೆ ಮಿಕ್ಕಿದ್ದು ಕಾರಿಗೆ. ಮಿಕ್ಕುತ್ತಿದ್ದುದು ಅಷ್ಟಕ್ಕಷ್ಟೇ, ಹೀಗಾಗಿ ಕಾರು ಊರ ಅಗಸಿ ಬಾಗಿಲು ದಾಟಿದ್ದು ಅಪರೂಪ.

ಆದರೆ ಚಹಾದಂಗಡಿಯಲ್ಲಿ ಜನ ಸುಮ್ಮನಿರಬೇಕಲ್ಲ! ‘ಏನಪಾ, ಎಮ್ಮಿ ಮ್ಯಾಲೆ ಕುಂತ ಹೋದ್ರ ಬಿರ್ರನ ಮುಟ್ಟತೀ’ ಎಂದು ಆಡಿಕೊಂಡರು. ಇವರಿಗೆ ಉರಿಯಿತು. ‘ಪಂಚಮಿಗೆ ಹೆಂಡತಿನ್ನ ಕಾಗವಾಡಕ್ಕ ಇದರಾಗ ಕರಕೊಂಡ ಹೋಗಿ ತೋರಸ್ತೀನಿ. ಚಾಲೂ ಮಾಡಾಕ ಬಿಟ್ರ ಒಂದ ಹನಿ ಪೆಟ್ರೋಲ ಮುಟ್ಟಂಗಿಲ್ಲ,’ ಎಂದು ನಾಲ್ಕು ಜನರ ಮುಂದೆ ಹೇಳಿ ಬಂದರು. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ನನಗೆ ಹೇಳದೆ ಕೇಳದೆ ನನ್ನ ಅಪ್ಪನಿಗೆ ಒಂದು ಕಾರ್ಡು ಬರೆದು ಹಾಕಿದರು: ಈ ಸಲ ಕರೆಯಲು ಬರಬೇಡಿ, ನಾವೇ ಕಾರಿನಲ್ಲಿ ಬರುತ್ತೇವೆ.

ಕಾರ್ಡಿನ ವಿಷಯ ತಿಳಿದಾಗ ನಾನು ಅತ್ತುಬಿಟ್ಟೆ. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಯಾರಾದರೂ ಕರೆಯಲು ಬರಬೇಕು, ಕರೆಯದೆ ಹೋಗುವುದು ಮಾನವಲ್ಲ. ನನಗೆ ಅಣ್ಣತಮ್ಮಂದಿರಿಲ್ಲ. ಮದುವೆಯಾದಾಗಿನಿಂದ ನಾಲ್ಕು ವರ್ಷವೂ ಅಪ್ಪನೇ ತಲೆಗೆ ಹಸಿರು ಪಟಗಾ ಸುತ್ತಿಕೊಂಡು ಬಸ್ಸಿಳಿದು ಬರುತ್ತಿದ್ದ. ಹಬ್ಬದ ದಿನ ನಾಗಪ್ಪನಿಗೆ ಹಾಲೆರೆಯುವ ತನಕ ಹೆಂಗಸರು ಬಾಯಿಗೆ ಏನೂ ಹಾಕುವುದಿಲ್ಲ. ನಾನು ಹೋಗಿ ಜೊತೆಗೆ ನಿಲ್ಲುವ ತನಕ ಅವ್ವ ಹಾಲೆರೆಯುವುದಿಲ್ಲ. ಎಷ್ಟೇ ಹೊತ್ತಾದರೂ ಉಪವಾಸ ಕೂತಿರುತ್ತಾಳೆ. ಅವಳ ಹಟ ನನಗೆ ಗೊತ್ತು, ನನ್ನದೂ ಅದೇ ಹಟ. ಕಾರು ದಾರಿಯಲ್ಲಿ ಕೈಕೊಟ್ಟರೆ ಅವ್ವನ ಗತಿ ಏನು?

‘ಯಾಕ ಅಳ್ತೀ?’ ಅಂದರು ಇವರು. ‘ಪಂಚಮಿ ದಿನ ಹಂಚ ಇಡತೀರೇನ ನೀವು? ಕರೀತೀರೇನ? ಇಲ್ಲಲ್ಲ. ಒಂದೀಟ ಕಡಬ ಕುದಿಸಿದ್ರ ಮುಗೀತು. ಆ ದಿನದ ಗ್ಯಾಸ್ ಪೂರಾ ಕಾರಿಂದ.’

ಮಾತು ಸರಿಯೇ ಇತ್ತು. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಕರಿಯುವಂತಿಲ್ಲ, ಏನನ್ನೂ ಹೆಚ್ಚುವಂತಿಲ್ಲ. ಇಷ್ಟು ದೊಡ್ಡ ಬುದ್ಧಿವಂತನಿಗೆ ಒಂದೇ ಒಂದು ವಿಷಯ ಮರೆತುಹೋಗಿತ್ತು. ಪಂಚಮಿಯ ದಿನ ಹಂಚು ಇಡುವುದಿಲ್ಲ ಎಂದೇ ಅದರ ಮುಂಚೆ ರೊಟ್ಟಿ ಹಬ್ಬ ಬರುತ್ತದೆ. ಮನೆಯವರಿಗೆ, ಆಳುಗಳಿಗೆ, ಓಣಿಯವರಿಗೆ ಹಂಚಲು ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಗೋಪುರದ ಹಾಗೆ ಬಡಿದು ಒಟ್ಟಬೇಕು. ಅದಕ್ಕೂ ಮುಂಚೆ ಒಂದು ವಾರ ಉಂಡಿ ಕಟ್ಟುವುದು. ಶೇಂಗಾ ಹುರಿ, ಎಳ್ಳು ಹುರಿ, ಸೇವು ಕರಿ, ಬೆಲ್ಲದ ಪಾಕ ಕಾಸು. ಹಬ್ಬದ ಉರಿಯೆಲ್ಲ ಹಬ್ಬದ ಮುಂಚೆಯೇ. ಗಂಡಸರು ಉಂಡಿ ತಿನ್ನುತ್ತಾರೆ, ಅದು ಯಾವ ಬೆಂಕಿಯ ಮೇಲೆ ಆಯಿತು ಎಂದು ಅವರಿಗೇನು ಗೊತ್ತು?

ಪಂಚಮಿಯ ಬೆಳಿಗ್ಗೆ ಇವರು ಹೊಸ ಅಂಗಿ ತೊಟ್ಟು, ಉದ್ದ ನಳಿಗೆ ಹಿಡಿದು, ಸಿಳ್ಳೆ ಹಾಕುತ್ತ ಡ್ರಮ್ಮಿನ ಹತ್ತಿರ ಹೋದರು. ಸಿಳ್ಳೆ ನಿಂತಿತು. ರಾತ್ರಿಯಿಡೀ ಹುಟ್ಟಿದ ಗ್ಯಾಸಿಗೆ ಡ್ರಮ್ಮು ಒಂದು ಮೊಳ ಎದ್ದಿತ್ತು, ಅಷ್ಟೇ. ಮೇಲೆ ಶ್ರಾವಣದ ಮಳೆ, ತಂಪು. ಆ ದಿನಗಳಲ್ಲಿ ಗ್ಯಾಸು ಹುಟ್ಟುವುದೇ ಕಡಿಮೆ. ಕಲ್ಲು ಹೇರಿ, ಮೇಲೆ ತಾವೂ ಹತ್ತಿ ಕೂತರು. ಚೀಲ ಅರ್ಧ ತುಂಬಿತು.

‘ಬಸ್ಸಿಗೆ ಹೋಗೂಣು,’ ಅಂದೆ.

‘ಅರ್ಧಾ ಐತಿ. ಹಗೂರಕ ಹೋದ್ರ ಮುಟ್ಟತೈತಿ. ನಾಕ ಮಂದಿ ಮುಂದ ಮಾತ ಕೊಟ್ಟೀನಿ.’

‘ನಮ್ಮ ಅವ್ವ ಉಪವಾಸ ಕುಂತಾಳ್ರಿ ಅಲ್ಲೆ.’

‘ಅದಕ್ಕ ಅಲ್ಲೇನ ಲಗೂನ ಹೊಂಡೂಣು ಅನ್ನೂದು!’

ಮಾತಿನ ಮಲ್ಲ. ಮೂರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಉಂಡಿಯ ಬುಟ್ಟಿಯನ್ನು ಕಾಲಬುಡದಲ್ಲಿಟ್ಟುಕೊಂಡು ಹೊರಟೆ. ಚಹಾದಂಗಡಿಯ ಮುಂದೆ ಇವರು ಬೇಕೆಂದೇ ಎರಡು ಸಲ ಹಾರ್ನು ಹೊಡೆದರು. ಕೃಷ್ಣೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಸೇತುವೆ ದಾಟಿದೆವು. ಆಚೆ ದಂಡೆಯ ಏರು ಬರುವಷ್ಟರಲ್ಲಿ ಕಾರಿಗೆ ಉಬ್ಬಸ ಹತ್ತಿತು. ಏರು ಹತ್ತಿ ಒಂದು ಹಳ್ಳಿಯ ಹತ್ತಿರ ಬಂದಾಗ ಚೀಲ ನೆತ್ತಿಯ ಮೇಲಿಂದ ಜಾರಿ ಮುಂದಿನ ಗಾಜಿನ ಮೇಲೆ ಒದ್ದೆ ಕಂಬಳಿಯಂತೆ ಬಿತ್ತು. ಎಂಜಿನ್ನು ಎರಡು ಸಲ ಬಿಕ್ಕಿ ನಿಂತಿತು.

ನಾನು ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಬಂದ ಬಸ್ಸಿಗೆ ಕೈ ಮಾಡಿದೆ. ತವರಿಗೆ ಹೊರಟ ಹೆಣ್ಣುಮಕ್ಕಳು ಬಾಗಿಲ ತನಕ ತುಂಬಿದ್ದರು, ಬಸ್ಸು ನಿಲ್ಲಲೇ ಇಲ್ಲ. ಇನ್ನೊಂದೂ ಹಾಗೇ ಹೋಯಿತು. ಪೆಟ್ರೋಲು ಬೇಕೆಂದರೆ ತಿರುಗಿ ಚಿಕ್ಕೋಡಿಗೇ ಹೋಗಬೇಕು. ಹೊತ್ತು ಏರುತ್ತಿತ್ತು. ಅವ್ವ ಬಾಗಿಲಲ್ಲಿ ಕೂತಿರುವುದು ಕಣ್ಣಿಗೆ ಕಟ್ಟಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆಗ ಇವರೇ ರಸ್ತೆಯ ಪಕ್ಕದ ಒಂದು ಮನೆಯ ಕಡೆ ಬೆರಳು ಮಾಡಿದರು. ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸಿನ ಡ್ರಮ್ಮು. ಎಷ್ಟು ಎತ್ತರಕ್ಕೆ ಎದ್ದಿತ್ತೆಂದರೆ, ಅಂಚಿನಿಂದ ಗ್ಯಾಸು ಬುಳುಬುಳು ಎಂದು ಹೊರಗೆ ಹೋಗುತ್ತಿತ್ತು.

ಹಬ್ಬದ ದಿನ ಕಂಡವರ ಮನೆಗೆ ಹೋಗಿ ಒಲೆಯ ಬೆಂಕಿ ಬೇಡುವುದೆಂದರೆ ನಾಚಿಕೆಗೇಡು. ಆದರೂ ಹೋದೆವು. ಅರವತ್ತರ ಹತ್ತಿರದ ಗಂಡಹೆಂಡತಿ ಇಬ್ಬರೇ ಇದ್ದರು. ಇವರು ಕೈಮುಗಿದು ಸಂಗತಿ ಹೇಳಿದರು. ಅಜ್ಜ ಕಾರಿನ ಸುತ್ತ ಒಂದು ಸುತ್ತು ಹಾಕಿ, ಚೀಲ ಮುಟ್ಟಿ ನೋಡಿ, ‘ಭಲೆ! ತುಂಬಕೋರ್ರಿ, ಹೆಂಗೂ ಗಾಳ್ಯಾಗ ಹೊಂಟೈತಿ,’ ಅಂದರು. ಅಜ್ಜ, ಇವರು ಇಬ್ಬರೂ ಸೇರಿ ಕಾರನ್ನು ಅಂಗಳಕ್ಕೆ ನೂಕಿ ತಂದು ನಳಿಗೆ ಜೋಡಿಸಿದರು, ಡ್ರಮ್ಮಿನ ಮೇಲೆ ಕಲ್ಲಿಟ್ಟರು. ಅಜ್ಜನ ಹೆಂಡತಿ ಆಯಿ ನನ್ನ ಮಗಳನ್ನು ಎತ್ತಿಕೊಂಡು ಒಳಗೆ ಕರೆದರು.

ಒಳಗೆ ಹೋದರೆ ಹಬ್ಬದ ಮನೆಯ ಲಕ್ಷಣವೇ ಇಲ್ಲ. ಬೆಲ್ಲದ ವಾಸನೆ ಇಲ್ಲ, ಜೋಕಾಲಿ ಕಟ್ಟಿಲ್ಲ, ಬುಟ್ಟಿಯಲ್ಲಿ ಒಂದು ರೊಟ್ಟಿ ಇಲ್ಲ. ನನ್ನ ಬಾಯಿಗೆ ಬೀಗ ಇಲ್ಲವಲ್ಲ, ಕೇಳಿಯೇಬಿಟ್ಟೆ. ‘ಆಯಿ, ನಿಮ್ಮ ಡ್ರಮ್ಮ ಇಷ್ಟ ತುಂಬೇತಲ್ಲ, ಉಂಡಿ ಕಟ್ಟಲಿಲ್ಲೇನ?’

‘ಯಾರಿಗೆ ಕಟ್ಟಲಿ ನನ ಮಗಳ?’ ಅಂದರು ಆಯಿ. ‘ಇರಾಕಿ ಒಬ್ಬಾಕಿ ಮಗಳು. ಆಕಿ ಬಂದು ಮೂರ ವರ್ಷ ಆತು. ಉಂಡಿ ಇಲ್ಲ, ರೊಟ್ಟಿ ಇಲ್ಲ. ಇಬ್ಬರಿಗೆ ಎಷ್ಟ ಉರಿ ಬೇಕು? ಹಂಗಾಗಿ ಗ್ಯಾಸ್ ಉಳದೈತಿ.’

ಆಮೇಲೆ ಕಥೆ ಬಂತು. ಮಗಳ ಮದುವೆಯಲ್ಲಿ ಅಜ್ಜ ಅಳಿಯನಿಗೆ ಒಂದು ಎಮ್ಮೆ ಕೊಟ್ಟಿದ್ದರಂತೆ. ಒಂದೇ ಸೂಲಿಗೆ ಅದರ ಹಾಲು ಬತ್ತಿತು. ಅಳಿಯ ಸಂತೆಯಲ್ಲಿ ‘ಮಾವ ನನಗ ಗೊಡ್ಡೆಮ್ಮಿ ಕಟ್ಟಿದ’ ಎಂದು ಅಂದನಂತೆ. ಅದು ಅಜ್ಜನ ಕಿವಿಗೆ ಬಿತ್ತು. ‘ಅವರ ಹೊಸ್ತಲ ತುಳಿಯಂಗಿಲ್ಲ’ ಎಂದು ಅಜ್ಜ ಆಣೆ ಮಾಡಿದರು. ಅಪ್ಪ ಕರೆಯಲು ಹೋಗಲಿಲ್ಲ, ಕರೆಯದೆ ಮಗಳು ಬರುವಂತಿಲ್ಲ. ಅವಳ ಊರು ರಾಯಬಾಗದ ಕಡೆ, ಬಸ್ಸಿಗೆ ಕೂತರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದು. ಒಂದು ಎಮ್ಮೆಗಾಗಿ ಮೂರು ಪಂಚಮಿ!

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅರ್ಧ ಸಿಟ್ಟು ನನ್ನ ಗಂಡನ ಮೇಲಿನದೇ ಇರಬೇಕು. ಅಂಗಳಕ್ಕೆ ಬಂದೆ. ಅಜ್ಜ ಡ್ರಮ್ಮಿನ ಮೇಲೆ ಇನ್ನೊಂದು ಕಲ್ಲು ಇಡುತ್ತಿದ್ದರು.

‘ಅಜ್ಜಾರ, ನೀವು ಹಿರೇರು, ನಾ ಹೇಳಬಾರದು. ಆದ್ರೂ ಹೇಳ್ತೀನಿ. ಇವತ್ತ ನಿಮ್ಮ ಮಗಳು ಬಾಗಲದಾಗ ನಿಂತು ರಸ್ತಾ ನೋಡಾಕತ್ತಿರತಾಳ. ಮುಂಜಾನಿಂದ ಎಷ್ಟ ಪಟಗಾ ಕಂಡಾವೋ, ಅಷ್ಟೂ ನಮ್ಮಪ್ಪಂದ ಅಂತ ಅನಿಸಿರತೈತಿ ಆಕಿಗೆ. ನಮ್ಮಪ್ಪಗ ಬರಬ್ಯಾಡ್ರಿ ಅಂತ ಇವರು ಕಾರ್ಡ ಹಾಕಿದ್ರು, ಅದಕ್ಕ ಅಂವ ಬಂದಿಲ್ಲ. ನಿಮಗ ಯಾರು ಕಾರ್ಡ ಹಾಕ್ಯಾರ್ರಿ? ಎಮ್ಮಿ ಹಾಕೇತೇನ?’

ಇವರು ನಳಿಗೆ ಹಿಡಿದವರು ಹಾಗೇ ಕಲ್ಲಾದರು. ‘ಏ, ಸುಮ್ನಿರ,’ ಎಂದು ಪಿಸುಗುಟ್ಟಿದರು. ಅವರ ಗ್ಯಾಸು ತುಂಬಿಕೊಳ್ಳುತ್ತ ಅವರಿಗೇ ಬೈಯುವುದೆಂದರೆ ಉಂಡ ಮನೆಯ ಜಂತಿ ಎಣಿಸಿದಂತಲ್ಲವೇ? ನನಗೂ ಆಡಿದ ಮೇಲೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅಜ್ಜ ಕೈಯಲ್ಲಿದ್ದ ಕಲ್ಲನ್ನು ಡ್ರಮ್ಮಿನ ಮೇಲಿಟ್ಟು, ಧೋತರಕ್ಕೆ ಕೈ ಒರೆಸಿಕೊಂಡು ಕೊಟ್ಟಿಗೆಯೊಳಗೆ ಹೋದರು. ನಾವು ಹೊರಡುವ ತನಕ ಹೊರಗೆ ಬರಲಿಲ್ಲ. ಆಯಿ ನನ್ನ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಕುಂಕುಮ ಇಟ್ಟರು. ನಾನು ಬುಟ್ಟಿಯಿಂದ ಹತ್ತು ಉಂಡಿ ತೆಗೆದು ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಹಿಡಿದು ನಿಂತದ್ದು ನೋಡಿ ನನಗೆ ಅಳು ಬಂತು.

ಅಲ್ಲಿಂದ ಕಾಗವಾಡದ ತನಕ ಕಾರು ಒಮ್ಮೆಯೂ ತಡೆಯಲಿಲ್ಲ. ಇವರು ಸಿಳ್ಳೆ ಹಾಕಲಿಲ್ಲ. ಆ ಚೀಲದಲ್ಲಿ ಇರುವುದು ಕಟ್ಟದೆ ಉಳಿದ ಉಂಡಿ, ಬಡಿಯದೆ ಉಳಿದ ರೊಟ್ಟಿ ಎಂದು ನನಗೆ ದಾರಿಯುದ್ದಕ್ಕೂ ಅನಿಸುತ್ತಿತ್ತು. ಯಾವ ಗಾಡಿಯೂ ಪುಕ್ಕಟೆ ಓಡುವುದಿಲ್ಲ, ಅದರ ಉರಿ ಯಾರದೋ ಮನೆಯಿಂದ ಬಂದಿರುತ್ತದೆ. ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಅವ್ವ ಹೊಸ್ತಿಲಲ್ಲೇ ಕೂತಿದ್ದಳು, ತುಟಿ ಒಣಗಿತ್ತು. ನನ್ನನ್ನು ಕಂಡು ಎದ್ದು, ಹಾಲಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ಬೇವಿನ ಮರದ ಕೆಳಗಿನ ಹುತ್ತಕ್ಕೆ ಇಬ್ಬರೂ ಹಾಲೆರೆದೆವು. ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆದ ಮೇಲೆ ನಾನು ಆ ರಾಯಬಾಗದ ಕಡೆಯ ಹೆಣ್ಣುಮಗಳ ಪಾಲೂ ಎರೆದೆ. ಅವಳ ಹೆಸರು ಕೇಳುವುದನ್ನೇ ಮರೆತಿದ್ದೆ.

ಮರುವರ್ಷ ಕಾರ್ಡು ಹಾಕಲು ನಾನು ಬಿಡಲಿಲ್ಲ. ಅಪ್ಪ ಕರೆಯಲು ಬಂದ. ಅಪ್ಪನನ್ನು ಮುಂದೆ ಕೂರಿಸಿಕೊಂಡು ಅದೇ ಕಾರಿನಲ್ಲಿ, ಮತ್ತೆ ಅರ್ಧ ಚೀಲ ಗ್ಯಾಸಿನಲ್ಲಿ ಹೊರಟೆವು. ‘ಹೊಳಿ ದಾಟಿದ ಮ್ಯಾಲೆ ಆ ಅಜ್ಜಾರ ಮನ್ಯಾಗ ತುಂಬಕೊಂಡ್ರಾತು,’ ಎಂದು ಇವರ ಧೈರ್ಯ. ನನಗೆ ಮಾತ್ರ ಆ ಮನೆಗೆ ಮುಖ ತೋರಿಸಲು ಅಂಜಿಕೆ. ವರ್ಷವಿಡೀ ಆ ಬೈಗುಳ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಕಾರು ನಿಲ್ಲಿಸಿದ ಕೂಡಲೇ ಇವರು ನಳಿಗೆ ಹಿಡಿದು ಇಳಿದರು. ನಾನು ತಲೆ ತಗ್ಗಿಸಿ ಕೂತೇ ಇದ್ದೆ.

ಆಯಿ ಕಡಬಿನ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಗತೊಡಗಿದರು. ‘ಗ್ಯಾಸ್ ಎಲ್ಲೈತೋ ನನ ಮಗನ! ಎಂಟ ದಿನ ಆತು ಉಂಡಿ ಕಟ್ಟಾಕತ್ತು. ನಿನ್ನಿ ರೊಟ್ಟಿ ಬಡದ ಬಡದ ಕೈ ಬಾತಾವು. ಡ್ರಮ್ಮ ನೋಡ ಹೋಗು, ನೆಲಾ ಹಿಡದ ಕುಂತೈತಿ.’

ಇವರು ಪೆಚ್ಚಾಗಿ ನಳಿಗೆ ಸುತ್ತತೊಡಗಿದರು. ಸೀಟಿನ ಕೆಳಗಿಂದ ಒಂದು ಪೆಟ್ರೋಲಿನ ಡಬ್ಬಿ ಹೊರಗೆ ಬಂತು. ನಾಲ್ಕು ಜನಕ್ಕೆ ಕೊಟ್ಟ ಮಾತಿನ ಮನುಷ್ಯ ಅದನ್ನು ಯಾವಾಗ ಅಲ್ಲಿಟ್ಟಿದ್ದರೋ! ನಾನು ನೋಡಿಯೂ ನೋಡದ ಹಾಗೆ ಕೆಳಗಿಳಿದೆ. ಪಡಸಾಲೆಯಲ್ಲಿ ಜೋಕಾಲಿ ತೂಗುತ್ತಿತ್ತು. ಅಜ್ಜ ಒಂದು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದರು. ನನ್ನನ್ನು ಕಂಡು ಒಳಗೆ ತಿರುಗಿ, ‘ಏ, ಬಾ ಇಲ್ಲೆ, ಆಕಿ ಬಂದಾಳ ನೋಡು,’ ಎಂದು ಕೂಗಿದರು.

ನನ್ನಷ್ಟೇ ವಯಸ್ಸಿನವಳೊಬ್ಬಳು ಓಡಿ ಬಂದಳು. ಹಸಿರು ಬಳೆ, ಹೊಸ ಇಳಕಲ್ ಸೀರೆ, ಕೈತುಂಬ ಎಳ್ಳು ಬೆಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ನಮ್ಮಪ್ಪಗ ಬೈದಾಕಿ ನೀವ ಏನ್ರಿ?’ ಅಂದಳು.

ಹೌದು ಅಂದೆ. ಅವಳು ಎಳ್ಳಿನ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ.